ಹೋಲ್ಪ್ ಚೀಟಿಯ ಎರಡನೇ ಸಹಿ

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 10.20ಕ್ಕೆ ಇಂಗ್ಲಿಷ್ ನಿಘಂಟು ಕಚೇರಿಯ ಸಂಪಾದಕಿ ಠಾಣೆಗೆ ಬಂದು ದೂರು ಕೊಟ್ಟರು. ಹಳೆಯ ಪತ್ರಗಳ ಕೈಬರಹದ ಪುಸ್ತಕವೊಂದು ಕಪಾಟಿನಿಂದ ಕಾಣೆಯಾಗಿತ್ತು. ಎಫ್‌ಐಆರ್ ದಾಖಲಾಯಿತು.

"ಚಿನ್ನ ಬೆಳ್ಳಿ ಬಿಟ್ಟು ಹಳೇ ಕಾಗದ ಕದಿಯೋರೂ ಇದಾರಾ ಸರ್?" ಎಂದ ಹೆಡ್ ಕಾನ್‌ಸ್ಟೆಬಲ್. ಇನ್‌ಸ್ಪೆಕ್ಟರ್ ನಗಲಿಲ್ಲ. ಬೀಗ ಮುರಿದಿರಲಿಲ್ಲ, ಕಳ್ಳ ಒಳಗಿನವನೇ.

"ಆ ಪುಸ್ತಕದಲ್ಲಿ ಅಂಥಾದ್ದೇನಿದೆ?" ಎಂದು ಸಂಪಾದಕಿಯನ್ನು ಕೇಳಿದರು.

"ಹೆಲ್ಪ್ ಅನ್ನೋ ಕ್ರಿಯಾಪದಕ್ಕೆ ಹಿಂದೆ ಹೋಲ್ಪ್ ಅಂತ ಭೂತಕಾಲದ ರೂಪ ಇತ್ತು. ಈಗ ಯಾರೂ ಬಳಸಲ್ಲ. ಅದರ ಮೂಲ ಹುಡುಕ್ತಾ ಹೋದಾಗ ನಮಗೆ ಸಿಕ್ಕ ಎಲ್ಲಕ್ಕಿಂತ ಹಳೇ ಸಾಲು ಅದರಲ್ಲಿದೆ. ಹಳೇ ಆಧಾರಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡ್ಬೇಕು ಅಂತ ನಿನ್ನೆ ತಾನೇ ಕಚೇರಿಯಲ್ಲಿ ಎಲ್ಲರಿಗೂ ಹೇಳಿದ್ದೆ."

ನಿಘಂಟಿನವರ ಪದ್ಧತಿ ಕಟ್ಟುನಿಟ್ಟು. ಪದ ಹುಡುಕಿದವರು ಸಾಲನ್ನು ಚೀಟಿಯಲ್ಲಿ ಬರೆದು ಸಹಿ ಹಾಕಬೇಕು. ಇನ್ನೊಬ್ಬರು ಮೂಲ ತೆರೆದು ನೋಡಿ ಎರಡನೇ ಸಹಿ ಹಾಕಬೇಕು. ಹೋಲ್ಪ್ ಚೀಟಿಗೆ ಇಪ್ಪತ್ತು ವರ್ಷವಾಗಿತ್ತು. ಮೊದಲ ಸಹಿ ಮಾಡಿದಾಕೆ ಆಮೇಲೆ ಕಣ್ಣು ಕಳೆದುಕೊಂಡು ಕೆಲಸ ಬಿಟ್ಟಿದ್ದರು. ಎರಡನೆಯದು ಆಕೆಯ ತಮ್ಮನದು. ಅವನು ಈಗಲೂ ಅಲ್ಲೇ ಕರಡು ತಿದ್ದುತ್ತಿದ್ದ, ಕಪಾಟಿನ ಕೀ ಅವನ ಬಳಿಯೂ ಇತ್ತು. ಇವತ್ತು ರಜೆ ಹಾಕಿದ್ದ.

ಮಧ್ಯಾಹ್ನ 2.15ಕ್ಕೆ ಪೊಲೀಸರು ಸಂಪಾದಕಿಯನ್ನೂ ಕರೆದುಕೊಂಡು ಅಕ್ಕ-ತಮ್ಮ ಇದ್ದ ಮನೆಗೆ ಹೋದರು. ತಮ್ಮ ಹೆಚ್ಚು ಸತಾಯಿಸಲಿಲ್ಲ. ಒಳಕೋಣೆಯ ಹಾಸಿಗೆಯಡಿಯಿಂದ ಪುಸ್ತಕ ತೆಗೆದುಕೊಟ್ಟ. ಕಚೇರಿಯಲ್ಲಿ ಬಟ್ಟೆ ಸುತ್ತಿ ಕಟ್ಟಿದ್ದ ಗಂಟು ಹಾಗೇ ಇತ್ತು.

"ಬಿಚ್ಚಿ ನೋಡ್ಲಿಲ್ವಾ?"

"ಧೈರ್ಯ ಬರಲಿಲ್ಲ." ಅವನು ದನಿ ತಗ್ಗಿಸಿದ. "ಆಗ ಅಕ್ಕನ ಕಣ್ಣು ಮಂಜಾಗ್ತಿತ್ತು ಸರ್. ಸಾಲು ಸಿಕ್ತು ಅಂದ್ಲು. ಏನೋ ಕಲ್ಪಿಸ್ಕೊಂಡಿದಾಳೆ ಅನ್ನಿಸ್ತು. ಪುಸ್ತಕ ತೆರೆದು ನೋಡಿದಾಗ ಆ ಸಾಲು ಇಲ್ದೇ ಹೋಗಿದ್ರೆ ಅವಳ ಕೆಲಸ ಹೋಗ್ತಿತ್ತು. ನೋಡದೇ ಸಹಿ ಹಾಕ್ದೆ. ಈಗ ಬಯಲಾದ್ರೆ ಅವಳ ಮರ್ಯಾದೆ ಏನಾಗ್ಬೇಕು?"

ಪಂಚನಾಮೆ ಹಜಾರದಲ್ಲಿ ನಡೆಯಿತು. ಅಕ್ಕ ಅಲ್ಲೇ ಕುರ್ಚಿಯಲ್ಲಿದ್ದರು. ಪೊಲೀಸರು ಯಾಕೆ ಬಂದರೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಯಾವ ಪುಸ್ತಕ ಎಂಬುದು ಮಾತ್ರ ಸಂಪಾದಕಿಯ ಬಾಯಿಂದ ಕಿವಿಗೆ ಬಿದ್ದಿತ್ತು. ಒಂದು ಪುಟವೂ ಹರಿದಿಲ್ಲವೆಂದು ಖಚಿತವಾಗಬೇಕಿತ್ತು. ಸಂಪಾದಕಿ ಹಾಳೆ ತಿರುವಿದಂತೆ ಹೆಡ್ ಕಾನ್‌ಸ್ಟೆಬಲ್ ಪುಟಸಂಖ್ಯೆ ಎಣಿಸುತ್ತಾ ಹೋದ.

"ನೂರ ಹನ್ನೆರಡು."

"ಕೆಳಗಿಂದ ಮೂರನೇ ಸಾಲು ನೋಡಪ್ಪ," ಎಂದರು ಅಕ್ಕ. "ಹೋಲ್ಪ್ ಇರೋದು ಅಲ್ಲೇ."

ಸಂಪಾದಕಿ ಬೆರಳಿಟ್ಟು ಓದಿದರು. ಇತ್ತು. ತಮ್ಮ ಹತ್ತಿರ ಬಂದು ಬಗ್ಗಿ ತಾನೂ ಆ ಸಾಲು ಓದಿದ. ಇನ್‌ಸ್ಪೆಕ್ಟರಿಗೆ ಅಯ್ಯೋ ಅನಿಸಿತು.

ಸಂಜೆ 4.10ಕ್ಕೆ ಬಂಧನ ದಾಖಲಾಯಿತು. ಹೇಳಿಕೆಯಲ್ಲಿ ಕೃತ್ಯದ ಕಾರಣ 'ಅಕ್ಕನ ಮರ್ಯಾದೆ ಉಳಿಸಲು' ಎಂದು ಇನ್‌ಸ್ಪೆಕ್ಟರ್ ಬರೆಸಿದರು.

"ಹಾಗೆ ಬೇಡ ಸರ್," ಎಂದ ತಮ್ಮ. "ಅವಳ ಮಾತು ನಂಬಲಿಲ್ಲ ಅಂತ ಬರೀರಿ."

ಹೆಡ್ ಕಾನ್‌ಸ್ಟೆಬಲ್ ಇನ್‌ಸ್ಪೆಕ್ಟರ್ ಮುಖ ನೋಡಿದ. ಅವರು ತಲೆಯಾಡಿಸಿದ ಮೇಲೆ ಹಾಗೇ ಬರೆದ.