ಅರವತ್ತೆರಡನೆಯ ಖಾನೆ

೨೦೨೨ರ ಮಾರ್ಚ್ ಹದಿನಾಲ್ಕು, ಸೋಮವಾರ. ಕರಾಕೋಲ್ ಪಟ್ಟಣದ ಪಶು ಚಿಕಿತ್ಸಾಲಯದ ಔಷಧದ ಬೀರುವಿಗೆ ಅರವತ್ತೆರಡು ಖಾನೆಗಳು. ಶುಕ್ರವಾರ ಸಂಜೆ ಅರವತ್ತೆರಡಕ್ಕೂ ಲೇಬಲ್ ಇತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವುಗಳಲ್ಲಿ ಒಂದೂ ಇರಲಿಲ್ಲ. ಅರವತ್ತೊಂದು ಖಾನೆಗಳ ಮೇಲೆ, ತಾನು ಅಚ್ಚು ಮಾಡಿದ್ದೆಂದು ಯಾರೂ ಒಪ್ಪದ ಹೊಸ ಲೇಬಲ್‌ಗಳಿದ್ದವು. ಒಂದು ಖಾನೆಯ ಮುಖ ಲೇಬಲ್ಲಿಲ್ಲದೆ ಬರಿದಾಗಿತ್ತು.

ಬರಿದಾದ ಖಾನೆ ಹಿರಿಯ ಪಶುವೈದ್ಯ ತೊರೊಬೆಕ್ ಇಸಾಯೆವಿಚ್ ಅವರದು. ಅಲ್ಲಿ ಔಷಧವಿಲ್ಲ, ಅವರ ಸ್ವಂತ ಸಲಕರಣೆಗಳಿವೆ. ನಲವತ್ನಾಲ್ಕು ವರ್ಷಗಳಿಂದ ಅದರ ಮೇಲೆ ಅವರ ಹೆಸರಿತ್ತು.

ಒಂಬತ್ತಕ್ಕೆ ಚಿಕಿತ್ಸಾಲಯದ ಮುಖ್ಯಸ್ಥೆ ರೈಕಾನ್ ನಮ್ಮ ಬಾಗಿಲು ತಟ್ಟಿದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಭಿನ್ನರಾಶಿಯಲ್ಲಿ ದುರ್ಬಲೆ. ಆದರೆ ಅವಳು ಬಂದದ್ದು ಲೆಕ್ಕದ ಮೇಷ್ಟ್ರಿಗಾಗಿ ಅಲ್ಲ, ನನ್ನ ಹೆಂಡತಿಗಾಗಿ. ಕುಲಿಪಾ ಇಪ್ಪತ್ತೆಂಟು ವರ್ಷ ಜಿಲ್ಲಾ ಪೊಲೀಸಿನಲ್ಲಿ ತನಿಖಾಧಿಕಾರಿಯಾಗಿದ್ದವಳು.

“ಪೊಲೀಸರಿಗೆ ಹೇಳೋಕೆ ನಾಚಿಕೆ, ಅಕ್ಕ. ಕಳುವಾಗಿದ್ದು ಏನೂ ಇಲ್ಲ. ಆದ್ರೆ ಯಾರೋ ಒಳಗೆ ಬಂದು ಬೀರು ಪೂರ್ತಿ ಬದಲಾಯಿಸಿದಾರೆ!”

“ಬೀಗ?”

“ಒಡೆದಿಲ್ಲ.”

“ಹಾಗಾದ್ರೆ ನಡಿ. ಮೇಷ್ಟ್ರೇ, ನಿಮ್ಮ ಅಳತೆಪಟ್ಟಿ ತಗೊಳ್ಳಿ.”

ಕುಲಿಪಾ ನನ್ನನ್ನು ಮದುವೆಯಾದಂದಿನಿಂದ ಮೇಷ್ಟ್ರೇ ಎಂದೇ ಕರೆಯುತ್ತಾಳೆ. ನಾನು ಅಳತೆಪಟ್ಟಿ ತೆಗೆದುಕೊಂಡೆ.

ರೈಕಾನಳಿಗೆ ಲೇಬಲ್‌ಗಳೆಂದರೆ ಪ್ರಾಣ. ಅಂಗೈಯಲ್ಲಿ ಹಿಡಿಯುವಂಥ ಒಂದು ಯಂತ್ರ. ಗುಂಡಿ ಒತ್ತಿದಂತೆ ಅಂಟುಪಟ್ಟಿಯ ಮೇಲೆ ಅಕ್ಷರ ಮೂಡಿ ಹೊರಬರುತ್ತದೆ. ಅದರಿಂದ ಅವಳು ಕಚೇರಿಯನ್ನೂ ಮನೆಯನ್ನೂ ಓರಣ ಮಾಡಿದ್ದಳು. ಕೆಟಲಿನ ಮೇಲೆ ‘ಕೆಟಲು’, ಕೋಟು ನೇತುಹಾಕುವ ಪ್ರತಿ ಮೊಳೆಯ ಮೇಲೆ ಒಂದೊಂದು ಹೆಸರು, ಅವಳ ಗಂಡನ ಚಪ್ಪಲಿ ಬಿಡುವ ಜಾಗದಲ್ಲಿ ‘ಇಲ್ಲಿ’. ಚಿಕಿತ್ಸಾಲಯದ ಬೆಕ್ಕು ಆ ಯಂತ್ರ ಕಂಡರೆ ಓಡುತ್ತದೆ ಎಂದು ಕೆಲಸದವರು ನಗುತ್ತಿದ್ದರು.

ಈಗ ಯಾರೂ ನಗುತ್ತಿರಲಿಲ್ಲ. ಸಹಾಯಕಿ ಅಲ್ಟಿನಾಯ್ ಮೂಲೆಯಲ್ಲಿ ಕೆಂಪು ಕಣ್ಣಿನಿಂದ ನಿಂತಿದ್ದಳು. ತೊರೊಬೆಕ್ ತಮ್ಮ ಕುರ್ಚಿಯಲ್ಲಿ, ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು, ಬರಿದಾದ ಖಾನೆಯನ್ನೇ ನೋಡುತ್ತಿದ್ದರು.

“ಕೀಲಿ ಎಷ್ಟು?” ಕುಲಿಪಾ ಕೇಳಿದಳು.

“ಎರಡು. ಒಂದು ನನ್ನ ಹತ್ರ — ಶನಿವಾರ, ಭಾನುವಾರ ನಾನು ಬಿಷ್ಕೆಕ್‌ನಲ್ಲಿದ್ದೆ. ಇನ್ನೊಂದು ತೊರೊಬೆಕ್ ಇಸಾಯೆವಿಚ್ ಹತ್ರ.” ರೈಕಾನ್ ಧ್ವನಿ ತಗ್ಗಿಸಿದಳು. “ಅಕ್ಕ, ನಿಮಗೆ ಗೊತ್ತಿರ್ಲಿ. ಹೋದ ತಿಂಗಳು ಇವರು ಒಂದು ಕುದುರೆಗೆ ತಪ್ಪು ಔಷಧ ಕೊಟ್ರು. ಕುದುರೆ ಬದುಕ್ತು. ಮರೆವು ಶುರುವಾಗಿದೆ ಅಂತ ಎಲ್ರೂ ಅಂತಾರೆ. ಈಗ ಇದು. ಸಂಜೆ ಐದರೊಳಗೆ ಯಾರ ಕೆಲಸ ಅಂತ ಗೊತ್ತಾಗದಿದ್ರೆ, ನಾನು ಕೀಲಿ ವಾಪಸ್ ತಗೋಬೇಕಾಗತ್ತೆ.”

ಅಂದರೆ ಕೆಲಸ ಹೋಯಿತು. ಕೀಲಿ ಇಲ್ಲದ ವೈದ್ಯ ಬೀರು ತೆರೆಯಲಾರ.

“ಭಾನುವಾರ ಕೀಲಿ ಎಲ್ಲಿತ್ತು, ತೊರೊಬೆಕ್ ಇಸಾಯೆವಿಚ್?”

“ಕೋಟಿನ ಜೇಬಲ್ಲಿ. ಬೆಳಿಗ್ಗೆ ದನದ ಸಂತೇಲಿದ್ವಿ. ಸಿರಿಂಜು ಮುಗೀತು ಅಂತ ಅಲ್ಟಿನಾಯ್ ಕೀಲಿ ಇಸ್ಕೊಂಡು ಬಂದು ಹೋದ್ಲು. ಮಧ್ಯಾಹ್ನದ ಮೇಲೆ ಕೋಟು ಮೊಳೇಲಿ, ನಾನು ಹಾಸಿಗೇಲಿ.”

“ಎಷ್ಟು ಹೊತ್ತು ಇಸ್ಕೊಂಡಿದ್ಲು?”

“ಎಪ್ಪತ್ತು ನಿಮಿಷ,” ಎಂದಳು ಅಲ್ಟಿನಾಯ್. “ನಾನು ಬಂದಾಗ ಹಳೇ ಲೇಬಲ್‌ಗಳೇ ಇದ್ವು! ಯಾರೂ ನಂಬ್ತಿಲ್ಲ.”

“ಯಾಕೆ ನಂಬಬೇಕು?” ರೈಕಾನ್ ಸಿಡುಕಿದಳು. “ಶುಕ್ರವಾರ ಇವರ ಜೊತೆ ಜಗಳ ಆಡಿದ್ಯಾರು? ‘ಆ ಹೆಸರಿನ ಲೇಬಲ್ ಕಿತ್ತುಹಾಕೋ ದಿನ ದೂರ ಇಲ್ಲ’ ಅಂದಿದ್ಯಾರು?”

“ನಾನು ಒತ್ತಿದ ಲೇಬಲ್‌ಗಳಿಗೆ ಅವರು ಇರುವೆ ಸಾಲು ಅಂದ್ರು! ಸಿಟ್ಟಲ್ಲಿ ಅಂದುಬಿಟ್ಟೆ.”

ಕುಲಿಪಾ ಬೀರುವಿನ ಮುಂದೆ ನಿಂತಳು. ಹೊಸ ಲೇಬಲ್‌ಗಳ ಅಕ್ಷರಗಳು ಪಟ್ಟಿಯ ಅಗಲವೆಲ್ಲ ತುಂಬುವಷ್ಟು ದಪ್ಪ. ಎಲ್ಲವೂ ಒಂದೇ ಉದ್ದ: ಹತ್ತು ಸೆಂಟಿಮೀಟರ್. ಒಂದೊಂದೇ ಖಾನೆ ತೆರೆಸಿ ನೋಡಿದೆವು. ಅರವತ್ತೊಂದೂ ಸರಿ. ಒಂದು ಔಷಧವೂ ಅದಲುಬದಲಾಗಿರಲಿಲ್ಲ.

ಕಸದ ಬುಟ್ಟಿಯನ್ನು ನಾನು ಎಣಿಸಿದೆ. ಅಂಟಿನ ಹಿಂದಿನ ಕಾಗದ ಅರವತ್ತೊಂದು. ಹಳೆಯ ಲೇಬಲ್ ಅರವತ್ತೊಂದು. ಹಾಳಾದ ಲೇಬಲ್ ಒಂದೂ ಇಲ್ಲ. ಎರಡನೆಯ ಸಲ ಎಣಿಸಿದಾಗಲೂ ಅಷ್ಟೇ.

“ಹಳೇದು ಒಂದು ಕಮ್ಮಿ,” ಎಂದೆ.

ಕುಲಿಪಾ ಬರಿದಾದ ಖಾನೆಯನ್ನು ಪೂರ್ತಿ ಹೊರಗೆಳೆದಳು. ಗೊರಸಿನ ಚಾಕು, ಉಷ್ಣಮಾಪಕ, ಒಂದು ಸವೆದ ಗಂಟೆ. ಒಳಗೋಡೆಯ ಮೇಲೆ ಹಳೆಯ ಲೇಬಲ್ ನೆಟ್ಟಗೆ, ಒಂದು ಸುಕ್ಕೂ ಇಲ್ಲದೆ ಅಂಟಿಕೊಂಡಿತ್ತು: ‘ತೊರೊಬೆಕ್ ಇಸಾಯೆವಿಚ್’.

“ನೋಡಿದ್ರಾ!” ರೈಕಾನ್ ಕೂಗಿದಳು. “ಹೆಸರನ್ನ ಒಳಗೆ ಹಾಕಿ ಮುಚ್ಚಿದಾರೆ. ಇದಕ್ಕಿಂತ ಅವಮಾನ ಇದೆಯಾ?”

ಮುದುಕರು ಟೋಪಿಯನ್ನು ಒಂದು ಸುತ್ತು ತಿರುಗಿಸಿದರು.

ಕುಲಿಪಾ ಲೇಬಲ್ಲನ್ನು ಬಹಳ ಹೊತ್ತು ನೋಡಿದಳು.

“ಮಷೀನಲ್ಲಿ ಟೇಪು ಎಷ್ಟು ಉಳಿದಿದೆ, ಮೇಷ್ಟ್ರೇ?”

ಶುಕ್ರವಾರ ಸಂಜೆ ರೈಕಾನ್ ಎಂಟು ಮೀಟರಿನ ಹೊಸ ಸುರುಳಿ ಹಾಕಿದ್ದಳು, ಮುಟ್ಟಿರಲಿಲ್ಲ. ನಾನು ಉಳಿದ ಟೇಪನ್ನು ಎಳೆದು ಅಳೆದೆ: ನಲವತ್ನಾಲ್ಕು ಸೆಂಟಿಮೀಟರ್. ಬರೆದುಕೊಂಡೆ.

“ಈಗ ಅಲ್ಟಿನಾಯ್, ಒಂದು ಲೇಬಲ್ ಮಾಡಮ್ಮ. ಒತ್ತೋದು, ಕತ್ತರಿಸೋದು, ಹಳೇದು ಕೀಳೋದು, ಹೊಸದು ಅಂಟಿಸೋದು — ಎಲ್ಲಾ. ಎಷ್ಟು ಬೇಗ ಆಗತ್ತೋ ಅಷ್ಟು ಬೇಗ,” ಎಂದಳು ಕುಲಿಪಾ.

ಅವಳ ಬೆರಳುಗಳು ಓಡಿದವು. ನನ್ನ ಗಡಿಯಾರದಲ್ಲಿ ಮೂರು ನಿಮಿಷ.

“ಅರವತ್ತೊಂದು ಗುಣಿಸು ಮೂರು,” ಎಂದೆ. “ನೂರ ಎಂಬತ್ಮೂರು. ಇವಳಿಗಿದ್ದದ್ದು ಎಪ್ಪತ್ತು. ಇವಳಲ್ಲ.”

ರೈಕಾನ್ ಕೆಂಪಾದಳು. ಅಲ್ಟಿನಾಯ್ ಮೂಗು ಒರೆಸಿಕೊಂಡಳು. “ಮೇಷ್ಟ್ರೇ, ಹತ್ತು ವರ್ಷ ಶಾಲೇಲಿ ಲೆಕ್ಕ ನನ್ನ ಅಳಿಸ್ತು. ಇವತ್ತು ಮೊದಲ ಸಲ ನನ್ನ ಕಡೆ ನಿಂತಿದೆ.”

ಮಧ್ಯಾಹ್ನ ನಾವಿಬ್ಬರೂ ತೊರೊಬೆಕ್ ಅವರ ಮನೆಗೆ ಹೋದೆವು. ಸೊಸೆ ಬುರುಲ್ ಬಾಗಿಲು ತೆರೆದಳು. ಹಾಲು ಹಾಕಿದ ಚಹಾ, ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಂಡುಗಳು, ಏಪ್ರಿಕಾಟ್ ಜಾಮ್ ತಂದಿಟ್ಟಳು. ಮಾತು ಕಮ್ಮಿ, ಕೈ ಚುರುಕು. ಮಗ ಮೆಲಿಸ್ ಅಂಗಳದಿಂದ ಗ್ರೀಸು ಮೆತ್ತಿದ ಕೈಗಳಲ್ಲೇ ಬಂದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು.

“ಹೌದು, ತೊರೊಬೆಕ್ ಅವರ ಮಗನೇ ಮಾತಾಡ್ತಿರೋದು. ಅಪ್ಪ ದನದ ಆಸ್ಪತ್ರೇಲಿದಾರೆ. ಕರು ಏಳ್ತಿಲ್ವಾ? ಹೇಳ್ತೀನಿ.”

“ನಿನ್ನೆ ಮಧ್ಯಾಹ್ನ ಎಲ್ಲಿದ್ದೆ, ಮೆಲಿಸ್?” ಕುಲಿಪಾ ಕೇಳಿದಳು.

“ಕಾರಿನ ಕೆಳಗೆ. ಬೀದಿಯವರೆಲ್ಲ ನನ್ನ ಕಾಲು ನೋಡಿದಾರೆ, ಕೇಳಿ.”

“ನೀನು, ಬುರುಲ್?”

“ನಮ್ಮನೆ ಹಿರಿಯರು ಮಲಗಿದ್ರು, ಅಕ್ಕ. ನಾನು... ಸ್ವಲ್ಪ ಕೆಲಸ ಇತ್ತು, ಹೋಗಿ ಬಂದೆ.”

ಕಿಟಕಿಯ ಕಟ್ಟೆಯ ಮೇಲೆ ಎರಡು ಪುಟ್ಟ ಸೀಸೆಗಳಿದ್ದವು. ಒಂದರ ಸುತ್ತ ‘ಬೆಳಿಗ್ಗೆ’, ಇನ್ನೊಂದರ ಸುತ್ತ ‘ಸಂಜೆ’. ದಪ್ಪ ಅಕ್ಷರ. ನಾನು ಬೋರ್ಸೋಕನ್ನು ತಟ್ಟೆಯಲ್ಲಿಟ್ಟೆ. ಕುಲಿಪಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಬೋರ್ಸೋಕನ್ನು ಮತ್ತೆ ಎತ್ತಿಕೊಂಡೆ.

“ಒಂದು ಹೇಳಿಕೆ ಬರೆದುಕೊಡಮ್ಮ,” ಎಂದು ಅವಳು ಕಾಗದ ಮುಂದಿಟ್ಟಳು. “ಮನೇಲಿ ಯಾರ್ಯಾರಿದಾರೆ, ಅಷ್ಟೇ.”

ಬುರುಲ್ ತನ್ನ ಹೆಸರು ಬರೆದಳು. ಗಂಡನ ಹೆಸರು ಬರೆದಳು. ‘ಮನೆಯ ಯಜಮಾನ’ ಎಂಬ ಸಾಲಿಗೆ ಬಂದಾಗ ಪೆನ್ನನ್ನು ಮಾತಿಲ್ಲದೆ ಮೆಲಿಸನ ಕಡೆ ಚಾಚಿದಳು. ಅವನು ಮಾತಿಲ್ಲದೆ ಬರೆದ. ಎಷ್ಟೋ ಸಲ ಬರೆದವನಂತೆ ಬರೆದ.

ಕುಲಿಪಾ ಕಾಗದ ಮಡಿಸಿದಳು. “ನಾಲ್ಕೂವರೆಗೆ ಇಬ್ರೂ ಆಸ್ಪತ್ರೆಗೆ ಬನ್ನಿ.”

ನಾಲ್ಕು ಗಂಟೆ ನಲವತ್ತೆರಡು ನಿಮಿಷ. ಚಿಕಿತ್ಸಾಲಯದಲ್ಲಿ ಎಲ್ಲರೂ ಸೇರಿದ್ದೆವು. ತೊರೊಬೆಕ್ ಕೀಲಿಯನ್ನು ಆಗಲೇ ಮೇಜಿನ ಮೇಲೆ ಇಟ್ಟಿದ್ದರು. ಐದಾಗುವವರೆಗೆ ಕಾಯುವ ಅಭ್ಯಾಸ ಅವರದಲ್ಲ.

“ಲೆಕ್ಕ ನೀವು ಹೇಳಿ, ಮೇಷ್ಟ್ರೇ,” ಎಂದಳು ಕುಲಿಪಾ.

“ಲೇಬಲ್ಲಿಗೆ ಹತ್ತು ಸೆಂಟಿಮೀಟರ್. ಪ್ರತಿ ಸಲ ಯಂತ್ರ ಉಗುಳುವ ಖಾಲಿ ಪಟ್ಟಿ ಎರಡು ಸೆಂಟಿಮೀಟರ್. ಒಟ್ಟು ಹನ್ನೆರಡು. ಅರವತ್ತೊಂದಕ್ಕೆ ಏಳುನೂರ ಮೂವತ್ತೆರಡು. ಎಂಟುನೂರರಲ್ಲಿ ಅರವತ್ತೆಂಟು ಉಳಿಯಬೇಕು. ಉಳಿದದ್ದು ನಲವತ್ನಾಲ್ಕು. ಇಪ್ಪತ್ನಾಲ್ಕು ಕಮ್ಮಿ — ಎರಡು ಲೇಬಲ್. ಅವು ಇಲ್ಲಿಲ್ಲ.”

“ಅವು ಒಂದು ಮನೇಲಿದ್ವು,” ಎಂದಳು ಕುಲಿಪಾ. “ಎರಡು ಕಣ್ಣಿನ ಔಷಧದ ಸೀಸೆಗಳ ಮೇಲೆ. ತೊರೊಬೆಕ್ ಇಸಾಯೆವಿಚ್, ಆ ಖಾನೆಯ ಮೇಲೆ ಏನಿದೆ, ಓದಿ.”

“ಅಯೋಡಿನ್.” ಮೂರು ಹೆಜ್ಜೆ ದೂರದಿಂದ, ತಡವರಿಸದೆ.

ಅವಳು ಕಸದ ಬುಟ್ಟಿಯಿಂದ ಒಂದು ಹಳೆಯ ಲೇಬಲ್ ಎತ್ತಿ ಅವರ ಕೈಗೆ ಕೊಟ್ಟಳು. ಅವರು ಅದನ್ನು ಹತ್ತಿರ ತಂದರು. ದೂರ ಹಿಡಿದರು. ಮೇಜಿನ ಮೇಲಿಟ್ಟರು.

“ಇರುವೆ ಸಾಲು,” ಎಂದರು ಮೆಲ್ಲಗೆ. “ಪೊರೆ ಬಂದಿದೆ, ರೈಕಾನ್. ಹೇಳಿದ್ರೆ ಮನೆಗೆ ಕಳಿಸ್ತೀಯಾ ಅಂತ ಹೇಳ್ಲಿಲ್ಲ.”

“ಮರೆವು ಅಲ್ವಾ?” ರೈಕಾನ್ ಕುರ್ಚಿಯಲ್ಲಿ ಕುಸಿದಳು. “ಆ ಕುದುರೆ...”

“ಹೆಸರು ಓದಕ್ಕಾಗಲಿಲ್ಲ. ಊಹಿಸ್ದೆ. ತಪ್ಪು ನನ್ನದೇ.”

“ಇದು ಗೊತ್ತಿದ್ದದ್ದು ಮನೆಯವರಿಗೆ ಮಾತ್ರ,” ಎಂದಳು ಕುಲಿಪಾ. “ಮಲಗಿದವರ ಕೋಟಿನಿಂದ ಮೂರು ಗಂಟೆಗಿಂತ ಹೆಚ್ಚು ಹೊತ್ತು ಕೀಲಿ ತೆಗೆದುಕೊಂಡು ಹೋಗೋದೂ ಮನೆಯವರಿಗೆ ಮಾತ್ರ ಸಾಧ್ಯ. ಮಗನಾ? ಸೊಸೆಯಾ?”

ಮೆಲಿಸ್ ಹೆಂಡತಿಯ ಕಡೆ ತಿರುಗಿದ. ಅವನಿಗೂ ಹೊಸ ಸುದ್ದಿ ಅದು.

“ನೀವೆಲ್ಲ ಬರಿದಾದ ಖಾನೆ ನೋಡಿ ಅವಮಾನ ಅಂದ್ರಿ. ಅವಮಾನ ಮಾಡೋರು ಹೆಸರನ್ನ ಬುಟ್ಟಿಗೆ ಎಸೀತಾರೆ. ಈ ಕೈ ಅರವತ್ತೊಂದು ಎಸೆದು, ಇದೊಂದನ್ನ ಸುಕ್ಕಾಗದ ಹಾಗೆ ಒಳಗೆ ಕಾಪಾಡಿದೆ. ಹೊಸದು ಯಾಕೆ ಮಾಡ್ಲಿಲ್ಲ? ಟೇಪು ಇತ್ತಲ್ಲ? ಆಫೀಸಲ್ಲಿ ಗೌರವ ಅಂದ್ರೆ ಹೆಸರು, ತಂದೆ ಹೆಸರು ಎರಡನ್ನೂ ಪೂರ್ತಿ ಕೂಗೋದು. ಅಲ್ಟಿನಾಯ್ ಆಗಿದ್ರೆ ಒತ್ತಿರ್ತಿದ್ಲು. ಮೆಲಿಸ್ ಫೋನಲ್ಲಿ ದಿನಾ ಹೇಳೋ ಹೆಸರು ಅದು, ಅವನೂ ಒತ್ತಿರ್ತಿದ್ದ. ಆ ಹೆಸರನ್ನ ಬಾಯಲ್ಲಿ ತರಬಾರದು ಅನ್ನೋ ಗೌರವ ನಮ್ಮ ಪದ್ಧತೀಲಿ ಒಬ್ಬಳಿಗೇ ಇರೋದು.” ಅವಳ ಧ್ವನಿ ಮೃದುವಾಯಿತು. “ಸೊಸೆಗೆ. ಅಲ್ವೇನಮ್ಮ, ಬುರುಲ್?”

ಬುರುಲ್ ತಲೆವಸ್ತ್ರದ ತುದಿ ಹಿಡಿದುಕೊಂಡು ನಿಂತಿದ್ದಳು.

“ಆ ಮಷೀನಿನ ಗುಂಡಿ ಚಿಕ್ಕದು, ಅಕ್ಕ. ಒಂದೊಂದು ಅಕ್ಷರಾನೂ ಬಾಯಲ್ಲಿ ಹೇಳ್ಕೊಂಡೇ ಒತ್ಬೇಕು, ಇಲ್ಲಾಂದ್ರೆ ತಪ್ಪತ್ತೆ. ಅರವತ್ತೊಂದು ಹೇಳ್ಕೊಂಡು ಒತ್ತಿದೆ. ಅದಕ್ಕೆ ಬಂದಾಗ ಬಾಯಿ ಏಳ್ಲಿಲ್ಲ, ಬೆರಳೂ ಹೋಗ್ಲಿಲ್ಲ. ಇವತ್ತು ಅವರ ಕೀಲಿ ಹೋಗತ್ತೇನೋ ಅಂತ ಹೆದ್ರಿಕೆ. ಇನ್ನೊಂದು ಸಲ ಸೀಸೆ ತಪ್ಪಿಸ್ಬಾರ್ದು ಅಂತ ಮಾಡ್ದೆ. ಟೇಪು ನಾನೇ ತಂದುಕೊಡ್ತೀನಿ.”

ಬೆಕ್ಕು ಕಿಟಕಿಯಿಂದ ಇಳಿದು ಮೇಜಿನ ಕೆಳಗೆ ಹೋಯಿತು.

ರೈಕಾನ್ ಕೀಲಿ ಎತ್ತಿಕೊಂಡಳು. ತೊರೊಬೆಕ್ ಎಂದು ಬರೆದ ಮೊಳೆಗೆ ಅದನ್ನು ನೇತುಹಾಕಿದಳು.

“ನೌರೂಜ್ ಹಬ್ಬ ಮುಗಿದ ಕೂಡಲೇ ಬಿಷ್ಕೆಕ್‌ಗೆ ಹೋಗಿ ಕಣ್ಣಿನ ಆಪರೇಷನ್ ಮಾಡಿಸ್ಕೊಳ್ತೀರಿ. ಅಲ್ಲೀವರೆಗೂ ಔಷಧ ನೀವು ಹೇಳಿ, ಸಿರಿಂಜಿಗೆ ಅಲ್ಟಿನಾಯ್ ತುಂಬ್ಲಿ. ಕೀಲಿ ನಿಮ್ಮದೇ.” ಆಮೇಲೆ ಅಲ್ಟಿನಾಯ್ ಕಡೆ ತಿರುಗಿ, “ನಿನಗೆ ನಾನು ಕ್ಷಮೆ ಕೇಳ್ಬೇಕು,” ಎಂದಳು.

“ಬೇಡ, ಅಕ್ಕ. ಕೆಟಲಿನ ಮೇಲಿನ ಆ ಲೇಬಲ್ ತೆಗೀರಿ, ಸಾಕು. ಅದು ಕೆಟಲು ಅಂತ ನಮಗೆ ಗೊತ್ತಿದೆ.”

ತೊರೊಬೆಕ್ ಎದ್ದರು. ಯಂತ್ರವನ್ನು ಸೊಸೆಯ ಮುಂದೆ ಇಟ್ಟರು.

“ಮಗಳೇ, ನಾನೇ ಹೇಳ್ತಿದೀನಿ. ಒತ್ತು.”

ಬುರುಲ್ ಬೇಡವೆಂದು ತಲೆಯಾಡಿಸಿದಳು. ಕಣ್ಣು ತುಂಬಿತ್ತು, ಆದರೂ ಒತ್ತಲಿಲ್ಲ. ಮುದುಕರು ಬರಿದಾದ ಖಾನೆಯನ್ನು ಬೆರಳಿನಿಂದ ಒಮ್ಮೆ ಸವರಿದರು.

“ಹಾಗಾದ್ರೆ ಖಾಲಿನೇ ಇರ್ಲಿ. ಬರೆದಿಲ್ಲದ್ದು ನನ್ನದು. ಅದನ್ನ ಪೊರೆ ಬಂದ ಕಣ್ಣಲ್ಲೂ ಓದಬಹುದು.”

ಮರುದಿನ, ಮಂಗಳವಾರ, ಬುರುಲ್ ಎಂಟು ಮೀಟರಿನ ಹೊಸ ಸುರುಳಿಯೊಂದನ್ನು ಚಿಕಿತ್ಸಾಲಯದ ಮೇಜಿನ ಮೇಲಿಟ್ಟು ಹೋದಳು. ಆ ಬಾಕಿ ತೀರಿತು.

ಸೋಮವಾರ ಸಂಜೆಯ ಮಾತು ಒಂದು ಉಳಿದಿದೆ. ಮನೆಗೆ ನಡೆಯುತ್ತ ನಾನು ಕುಲಿಪಾಳನ್ನು ಕೇಳಿದೆ:

“ಖಾಲಿ ಖಾನೆ ನೋಡಿದ ಕೂಡಲೇ ನಿನಗೆ ಗೊತ್ತಾಗಿತ್ತಾ?”

“ಒಳಗಿನ ಲೇಬಲ್ ನೋಡಿದಾಗ.”

“ಹೇಗೆ?”

ಅವಳು ಮುಂದೆ ನಡೆದಳು. ನನ್ನ ತಂದೆ ನಮ್ಮ ಜೊತೆ ಹತ್ತೊಂಬತ್ತು ವರ್ಷ ಇದ್ದರು. ಕೊನೆಯ ಆರು ವರ್ಷ ಅವರಿಗೆ ಊಟ ಮಾಡಿಸಿದವಳು ಇವಳು. ಅವರು ತೀರಿಕೊಂಡ ದಿನ ಆಸ್ಪತ್ರೆಯ ಕಾಗದವನ್ನು ಇವಳು ತುಂಬಿ, ಒಂದು ಸಾಲು ಬಿಟ್ಟು, ನನ್ನ ಕೈಗೆ ಪೆನ್ನು ಕೊಟ್ಟಿದ್ದಳು. ಅಳುವಿನಲ್ಲಿ ಮರೆತಳು ಎಂದುಕೊಂಡಿದ್ದೆ.

“ನಮ್ಮಪ್ಪನ ಹೆಸರು ನಿನ್ನ ಬಾಯಲ್ಲಿ ಎಷ್ಟು ಸಲ ಬಂದಿದೆ?”

“ಲೆಕ್ಕದ ಮೇಷ್ಟ್ರು ನೀವು,” ಎಂದಳು ಕುಲಿಪಾ. “ನೀವೇ ಎಣಿಸಿ.”

ಎಣಿಸಿದೆ. ನಲವತ್ತೊಂದು ವರ್ಷ, ಸೊನ್ನೆ ಸಲ. ಎಲ್ಲವನ್ನೂ ಎರಡೆರಡು ಸಲ ಎಣಿಸುವ ನಾನು ಆ ಸೊನ್ನೆಯನ್ನು ಒಮ್ಮೆಯೂ ಎಣಿಸಿರಲಿಲ್ಲ. ಆ ಬಾಕಿ ಹಾಗೆಯೇ ಇದೆ.