ಊಟದ ಸಾಲಿನಲ್ಲಿ ನಾಲ್ಕು ಸಲ

"ಅದು ಬ್ಯಾಡ್ರಿ ಮೇಡಂ... ಅದರಾಗ ಕುರಿಮಾಂಸ ಐತ್ರಿ!"

ಗೊಲ್ಲಾಳಮ್ಮನ ಕೈಯಲ್ಲಿದ್ದ ಚಮಚ ಹಾಗೇ ನಿಂತುಬಿಟ್ಟಿತು.

ಹಡಗು ಮುಂಬೈ ಬಿಟ್ಟು ಎರಡು ತಾಸಾಗಿತ್ತು. ಎತ್ತ ನೋಡಿದರೂ ನೀರು. ಹನ್ನೊಂದನೇ ಅಂತಸ್ತಿನ ಆ ಊಟದ ಕೋಣೆಯಲ್ಲಿ ಹಿಂದಿ, ಗುಜರಾತಿ, ಇಂಗ್ಲಿಷು ಎಲ್ಲ ಕಲಸಿಹೋಗಿದ್ದವು. ಅದರ ನಡುವೆ ಈ ಮಾತು! ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೇಳುವಂಥ ಮಾತು...

ಅವಳು ತಲೆ ಎತ್ತಿದಳು. ಗಾಜಿನ ಆಚೆ ಬಿಳಿ ಕೋಟು, ಬಿಳಿ ಟೋಪಿ. ಕಿವಿಯ ಪಕ್ಕದ ಕೂದಲು ನರೆತಿತ್ತು. ಮುಖ ಸ್ವಲ್ಪ ದುಂಡಗಾಗಿತ್ತು. ಆದರೆ ಆ ಕಣ್ಣುಗಳು!

'ತಿಮ್ಮಣ್ಣ...'

ಅವನೂ ಈಗಷ್ಟೇ ಅವಳನ್ನು ಸರಿಯಾಗಿ ನೋಡಿದ್ದ. ಇಬ್ಬರು ಹೆಂಗಸರು ಸಸ್ಯಾಹಾರ ಎಲ್ಲಿದೆಯೋ ಎಂದು ಕನ್ನಡದಲ್ಲಿ ಮಾತಾಡುವುದು ಕಿವಿಗೆ ಬಿದ್ದು, ಊರಿನವರೆಂದು ಖುಷಿಯಲ್ಲಿ ಕೂಗಿದ್ದವನು. ಆ ಖುಷಿ ಮುಖದಿಂದ ಇಳಿದುಹೋಯಿತು.

"ಸಸ್ಯಾಹಾರ ಎಡಗಡೆ ಐತ್ರಿ," ಎಂದ, ಬೇರೆಲ್ಲೋ ನೋಡುತ್ತಾ. "ಬ್ಯಾರೆ ಪಾತ್ರಿ, ಬ್ಯಾರೆ ಚಮಚ. ಮಾಡೋರೂ ಬ್ಯಾರೆ. ನನ್ನ ಕೈ ತಾಗಿಲ್ರಿ. ನೀವು ಧೈರ್ಯದಿಂದ ತಿನ್ನಬಹುದು."

ಕೊನೆಯ ಮಾತು ನೇರ ಎದೆಗೆ ನಾಟಿತು. ಅವಳ ಕಣ್ಣು ತುಂಬಿ ಬಂತು. ತಟ್ಟೆ ಅಲ್ಲೇ ಇಟ್ಟು ಹೊರಗೆ ನಡೆದುಬಿಟ್ಟಳು.

"ಅರೇ! ಎಲ್ಲಿಗಿ ಹೊಂಟಿ ಬೇಟಿ?" ಖುರ್ಷೀದಬೇಗಂ ಹಿಂದೆಯೇ ಏದುಸಿರು ಬಿಡುತ್ತಾ ಬಂದರು.

ಖುರ್ಷೀದಬೇಗಂ ಗೊಲ್ಲಾಳಮ್ಮನ ಶಾಲೆಯಿಂದ ಹೋದ ವರ್ಷ ನಿವೃತ್ತರಾದ ಹೆಡ್‌ ಮಾಸ್ತರಣಿ. ಮಗಳು ಕಳಿಸಿದ ಎರಡು ಟಿಕೆಟಿನಲ್ಲಿ ಒಂದನ್ನು ಗೊಲ್ಲಾಳಮ್ಮನಿಗೆ ಕೊಟ್ಟು, ಫೆಬ್ರವರಿಯ ನಾಲ್ಕು ದಿನದ ಈ ಪ್ರಯಾಣಕ್ಕೆ ಎಳೆದು ತಂದವರು ಅವರೇ. ಮಧ್ಯಾಹ್ನದಿಂದ ಇಬ್ಬರೂ ಒಂದು ಸಾದಾ ಊಟಕ್ಕಾಗಿ ಹಡಗೆಲ್ಲ ತಿರುಗಿದ್ದರು. ಐದನೇ ಅಂತಸ್ತಿನ ದೊಡ್ಡ ಊಟದ ಮನೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು, ಒಬ್ಬೊಬ್ಬರ ಮುಂದೆ ಮೂರು ಮೂರು ಮುಳ್ಳುಚಮಚ! ಅದನ್ನು ನೋಡಿಯೇ ಓಡಿಬಂದಿದ್ದರು. ಎಂಟನೇ ಅಂತಸ್ತಿನಲ್ಲಿ ಬರೀ ಕಾಫಿ, ಕೇಕು. ಕೊನೆಗೆ ಯಾರೋ, 'ಮೇಲೆ ಹೋಗಿ, ತಟ್ಟೆ ಹಿಡಿದು ಬೇಕಾದ್ದು ಹಾಕಿಕೊಳ್ಳಬಹುದು' ಎಂದಿದ್ದರು.

ಮೇಲೆ ಹೋದರೆ... ಹದಿಮೂರು ವರ್ಷಗಳ ಹಿಂದಿನ ಪಾಪ ಬಿಳಿ ಕೋಟು ಹಾಕಿ ನಿಂತಿತ್ತು.

ಮರುದಿನ ಅವಳು ಊಟಕ್ಕೆ ಮೇಲಕ್ಕೆ ಹೋಗಲಿಲ್ಲ. ಕಾಫಿಯ ಮುಂದೆ ಕೂತು ಬಣ್ಣದ ಕೇಕನ್ನು ಚೂರು ಚೂರು ಮಾಡುತ್ತಿದ್ದವಳನ್ನು ಖುರ್ಷೀದಬೇಗಂ ಬಹಳ ಹೊತ್ತು ನೋಡಿದರು.

"ಆ ಬಿಳಿ ಕೋಟಿನ ಬಾವರ್ಚಿ ಯಾರು?"

"ಯಾರೂ ಇಲ್ರಿ ಮೇಡಂ..."

"ನನ್ನ ಮುಂದ ಸುಳ್ಳು ಹೇಳಬ್ಯಾಡ. ಮೂವತ್ತೈದು ವರ್ಷ ಮಕ್ಕಳ ಸುಳ್ಳ ಕೇಳೀನಿ ನಾ!"

ಗೊಲ್ಲಾಳಮ್ಮ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಹೇಳಿದಳು.

ಆಗ ಅವಳಿಗೆ ಇಪ್ಪತ್ತೈದು. ಶಹಾಪುರದ ಹತ್ತಿರ ಕಾಲುವೆ ಕೆಲಸದವರ ಕಾಲೊನಿಯಲ್ಲಿ ಶಾಲೆ, ಅಲ್ಲಿ ಅವಳ ಮೊದಲ ನೌಕರಿ. ಶಾಲೆಯ ಪಕ್ಕದಲ್ಲಿ ಗೆಸ್ಟ್ ಹೌಸು. ಅಲ್ಲಿ ಅಡುಗೆಗೆ ಸುರಪುರದಿಂದ ಬಸ್ಸಿನಲ್ಲಿ ಬರುತ್ತಿದ್ದವನು ತಿಮ್ಮಣ್ಣ. ಇಂಜಿನಿಯರುಗಳ ಊಟ ಮುಗಿದ ಮೇಲೆ ಅವನು ಕಾಲುವೆಯ ದಂಡೆಗೆ ಬರುತ್ತಿದ್ದ. ಅವಳೂ ಬುತ್ತಿ ಹಿಡಿದು ಬರುತ್ತಿದ್ದಳು. ಮೊದಲು ಹತ್ತು ಮಾರು ದೂರ, ಆಮೇಲೆ ಐದು ಮಾರು. ಮಳೆಗಾಲ ಕಳೆಯುವಷ್ಟರಲ್ಲಿ ಒಂದೇ ಜಾಲಿ ಮರದ ನೆರಳು.

"ನಮ್ಮವ್ವಗ ನಿನ್ನ ಸುದ್ದಿ ಹೇಳೀನಿ," ಎಂದಿದ್ದ ಒಂದು ದಿನ, ನಾಚಿಕೊಂಡು. "ನಾಳಿ ನಿನಗ ಊಟ ಕಳಸ್ತಾಳಂತ. ಆಕಿ ಯಾರಿಗೂ ಹಂಗ ಕಳಸಂಗಿಲ್ಲ."

ಮರುದಿನ ಬಂದಿತ್ತು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವಳು ಇನ್ನೇನು ಡಬ್ಬಿಯ ಮುಚ್ಚಳ ತೆಗೆಯಬೇಕು... ಬೈಕಿನ ಸದ್ದು! ಸೋದರಮಾವ ಹಂಪಣ್ಣ.

ಬೇರೆ ಜಾತಿಯವನ ಜೊತೆ ಅವಳು ಕೂರುವ ಸುದ್ದಿಯನ್ನು ಯಾರೋ ಮುಟ್ಟಿಸಿದ್ದರು. ಮಾವ ಡಬ್ಬಿಯನ್ನು ನೋಡಿದ, ಅವಳನ್ನು ನೋಡಿದ.

"ಯಾರ ಮನಿ ಊಟ ಇದು?"

ಒಂದು ಹೆಸರು. ಒಂದೇ ಒಂದು ಹೆಸರು ಹೇಳಿದ್ದರೆ ಸಾಕಿತ್ತು!

"ಯಾರೋ ಇಟ್ಟು ಹೋಗ್ಯಾರ ಮಾವ... ಅವರ ಮನಿ ಕೂಳ ನಾ ಯಾಕ ತಿನ್ಲಿ?"

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ಮಾವನಿಗೆ ನಂಬಿಕೆ ಬರಲೆಂದು ಡಬ್ಬಿ ತೆಗೆದು, ಎಲ್ಲವನ್ನೂ ಕಾಲುವೆಗೆ ಸುರಿದಳು. ತಿರುಗಿದಾಗ ಗೆಸ್ಟ್ ಹೌಸಿನ ಹಿಂಬಾಗಿಲಲ್ಲಿ ತಿಮ್ಮಣ್ಣ ನಿಂತಿದ್ದ. ಎಲ್ಲ ನೋಡಿದ್ದ. ಎಲ್ಲ ಕೇಳಿದ್ದ.

ಮರುದಿನದಿಂದ ಅವನು ಕೆಲಸಕ್ಕೆ ಬರಲಿಲ್ಲ.

"ಭಾನುವಾರ ಸುರಪುರಕ್ಕ ಹೋದೆ ಮೇಡಂ," ಗೊಲ್ಲಾಳಮ್ಮ ಬಿಕ್ಕಿದಳು. "ಅವ್ರವ್ವ ಲಾಲಮ್ಮ ಒಬ್ಬಾಕಿನ ಇದ್ಳು. ಮಗ ಮುಂಬೈಗಿ ಹೋಗ್ಯಾನ ಅಂದ್ಳು. ಕೈ ಹಿಡದು ಕುಂದ್ರಿಸಿ ಏನ ಕೇಳಿದ್ಳು ಗೊತ್ತೇನ್ರಿ? 'ಪುಂಡಿಪಲ್ಯ ರುಚಿ ಇತ್ತೇನವ್ವಾ? ನೀ ಉಂಡು ಭಾಳ ಚಲೋ ಐತಿ ಅಂದಿ ಅಂತ ತಿಮ್ಮ ಹೇಳಿದ' ಅಂದ್ಳು!"

"ಯಾ ಅಲ್ಲಾ..."

"ತಪ್ಪಾತು ಅಂತ ಕಾಲು ಹಿಡೀಬೇಕು ಅಂತ ಹೋಗಿದ್ದೆ. ಆಕಿ ಮುಖ ನೋಡಿ... 'ಹೌದವ್ವಾ, ಭಾಳ ರುಚಿ ಇತ್ತು' ಅಂದುಬಿಟ್ಟೆ."

ಖುರ್ಷೀದಬೇಗಂ ಅವಳ ಬೆನ್ನು ಸವರಿದರು. ಆಮೇಲೆ ಹೇಳಿದರು: "ನನ್ನ ಮುಂದ ಅತ್ತರ ಏನ್ ಬಂತು? ಯಾರ ಮುಂದ ಹೇಳಬೇಕೋ ಅಂವ ಮ್ಯಾಲಿನ ಅಂತಸ್ತಿನಾಗ ಇದ್ದಾನ. ನಾಡದು ಹಡಗ ಇಳದ ಮ್ಯಾಲ ಮತ್ತ ಹದಿಮೂರು ವರ್ಷ ಹುಡುಕ್ತೀಯೇನು?"

ಮೂರನೇ ದಿನ ಹಡಗು ಗೋವಾದತ್ತ ತಿರುಗಿತ್ತು. ಗೊಲ್ಲಾಳಮ್ಮ ಹನ್ನೊಂದನೇ ಅಂತಸ್ತಿಗೆ ಹೋದಳು. ಅವನಿಲ್ಲ! ಇವತ್ತು ಬೇರೆ ಕಡೆ ಪಾಳಿ ಅಂದರು. ದೊಡ್ಡ ಊಟದ ಮನೆಗೆ ಹೋದಳು, ಅಲ್ಲೂ ಇಲ್ಲ. ಪಿಜ್ಜಾ ಕೊಡುವಲ್ಲಿ ಇಲ್ಲ. ನೂಡಲ್ಸ್ ಕೊಡುವಲ್ಲಿ ಇಲ್ಲ. ಕೊನೆಗೆ ಎಲ್ಲಕ್ಕಿಂತ ಮೇಲಿನ ತೆರೆದ ಅಂತಸ್ತಿನಲ್ಲಿ, ಈಜುಕೊಳದ ಪಕ್ಕ ಒಂದು ಸಣ್ಣ ಗಾಡಿಯಂಥ ಅಂಗಡಿ. ಕಾದ ಹಂಚಿನ ಮೇಲೆ ರೊಟ್ಟಿ ಬೇಯಿಸಿ, ಒಳಗೆ ಪಲ್ಯ ತುಂಬಿ, ಸುತ್ತಿ ಕೊಡುತ್ತಿದ್ದ ತಿಮ್ಮಣ್ಣ. ಮುಂದೆ ಒದ್ದೆ ಮೈಯ ಜನರ ಉದ್ದ ಸಾಲು.

ಅವಳು ಸಾಲಿನಲ್ಲಿ ನಿಂತಳು.

ಪಾಳಿ ಬಂದಾಗ ಅವನು ತಲೆ ಎತ್ತಿ, ತಕ್ಷಣ ಹಂಚಿನತ್ತ ನೋಡಿದ. "ಖಾರ ಹಾಕ್ಲೇನ್ರಿ ಮೇಡಂ?"

"ಅವತ್ತು ನಾ ಸುಳ್ಳು ಹೇಳಿದ್ದೆ ತಿಮ್ಮಣ್ಣ. ಡಬ್ಬಿ ಯಾರದಂತ ನನಗ ಗೊತ್ತಿತ್ತು."

"ಹಿಂದ ಜನ ನಿಂತಾರ್ರಿ."

ಸುತ್ತಿದ ರೊಟ್ಟಿ ಕೈಗಿಟ್ಟ. ಅವಳು ದೂರ ಹೋಗಲಿಲ್ಲ. ಅವನ ಕಣ್ಣೆದುರೇ ನಿಂತು ಒಂದು ಚೂರೂ ಬಿಡದೆ ತಿಂದಳು. ಆಮೇಲೆ... ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತಳು!

ಎರಡನೇ ಸಲ.

"ನಿಮ್ಮವ್ವನ ಕೈ ಅಡಗಿ ನನಗ ಮೈಲಿಗಿ ಅನಿಸಿದ್ದಿಲ್ಲ. ನಮ್ಮ ಮಾವಗ ಹೆದರಿದೆ. ಹೆದರಿಕಿ ಅಂದ್ರ ತಪ್ಪು ಸಣ್ಣದಾಗಂಗಿಲ್ಲ, ಗೊತ್ತೈತಿ."

ಅವನು ರೊಟ್ಟಿ ಸುತ್ತಿ ಚಾಚಿದ. ಅವಳು ಅದನ್ನು ಹಿಂದೆಯೇ ಬಂದು ಕೂತಿದ್ದ ಖುರ್ಷೀದಬೇಗಂ ಕೈಗಿಟ್ಟು ಮತ್ತೆ ಸಾಲು ಹಿಡಿದಳು.

ಮೂರನೇ ಸಲ ಬಂದಾಗ ಪಕ್ಕದ ಕುರ್ಚಿಯಿಂದ ಖುರ್ಷೀದಬೇಗಂ ಕೂಗಿದರು: "ಜಲ್ದಿ ಮಾತು ಮುಗಸು ಬೇಟಿ! ನೀ ತಂದುಕೊಟ್ಟದ್ದು ತಿಂದು ನನ್ನ ಹೊಟ್ಟಿ ಒಡಿಯಾಕತ್ತೈತಿ!"

ಸಾಲಿನಲ್ಲಿದ್ದವರಿಗೆ ಭಾಷೆ ತಿಳಿಯಲಿಲ್ಲ. ಆದರೂ ನಕ್ಕರು. ಗೊಲ್ಲಾಳಮ್ಮ ನಗಲಿಲ್ಲ.

"ನನ್ನ ಲಗ್ನ ಗೊತ್ತು ಮಾಡಿದ್ರು. ನಾ ಒಲ್ಲೆ ಅಂದೆ. ಇವತ್ತಿಗೂ ಒಬ್ಬಾಕಿನ ಇದ್ದೀನಿ."

ಹಂಚಿನ ಮೇಲಿನ ರೊಟ್ಟಿ ಕರಕಲಾಗಿ ಹೊಗೆ ಎದ್ದಿತು. ಅವನಿಗೆ ಅದರ ಪರಿವೆ ಇರಲಿಲ್ಲ.

ನಾಲ್ಕನೇ ಸಲ ಅವಳ ಹಿಂದೆ ಯಾರೂ ಇರಲಿಲ್ಲ.

"ನೀ ಹೋದ ಮ್ಯಾಲ ನಾ ಸುರಪುರಕ್ಕ..."

"ಬಂದಿದ್ದಿ. ಗೊತ್ತೈತಿ," ಎಂದ. ಈಗ 'ಮೇಡಂ' ಇರಲಿಲ್ಲ. "ಮೂರು ಗಂಟಿಗೆ ಇದನ್ನ ಮುಚ್ಚಬೇಕು. ಅಲ್ಲೇ ನಿಲ್ಲು. ನಮಗ ಪ್ರಯಾಣಿಕರ ಜೋಡಿ ಕುಂತು ಮಾತಾಡೂ ಹಂಗಿಲ್ಲ. ಹಂಚು ಒರಸೂತನ ಮಾತಾಡ್ತೀನಿ."

ಅವನು ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಅವ್ವ ಫೋನಿನಾಗ ಹೇಳಿದ್ಳು. ಟೀಚರಮ್ಮ ಬಂದಿದ್ಳು, ಪಲ್ಯ ಭಾಳ ರುಚಿ ಇತ್ತು ಅಂದ್ಳು ಅಂತ. ನನಗ ಎಷ್ಟು ಸಿಟ್ಟು ಬಂತಂದ್ರ... ನಮ್ಮವ್ವನ ಮುಂದೂ ನಾಟಕ ಆಡಿ ಹೋಗ್ಯಾಳ ಅಂತ ತಿಳಕೊಂಡೆ. ಸ್ವಲ್ಪ ದಿನಕ್ಕ ನಿನ್ನ ಲಗ್ನ ಗೊತ್ತಾತು ಅಂತ ಸುದ್ದಿ ಬಂತು. ಅಲ್ಲಿಗೆ ಮುಗೀತು ಅಂದುಕೊಂಡೆ."

"ಮುರೀತು ಅಂತ ಯಾರೂ ಹೇಳ್ಲಿಲ್ಲೇನು?"

"ನಾ ಯಾರಿಗೂ ಕೇಳ್ಲಿಲ್ಲ." ಅವನು ಬಟ್ಟೆ ಹಿಂಡಿದ. "ಕೇಳಬೇಕಿತ್ತು... ಅವತ್ತು ಸಂಜಿಕ ಮನಿಗಿ ಹೋದಾಗ ಅವ್ವ ಬಾಗಿಲದಾಗ ಕುಂತಿದ್ಳು. 'ಉಂಡ್ಳೇನೋ ತಿಮ್ಮಾ?' ಅಂದ್ಳು. ನಾ ಏನ ಹೇಳ್ಲಿ ಗೊಲ್ಲಾಳಿ? ಕಾಲುವಿಗಿ ಹೋತು ಅಂತ ಹೇಳ್ಲೇನು? ಅವ್ವಗ ಮೊದಲು ಸುಳ್ಳು ಹೇಳಿದಾಂವ ನಾನು. ನೀನೂ ಅದನ್ನ ಹೇಳಿದ್ದಕ್ಕ ನಿನಗ ಶಿಕ್ಷಾ ಕೊಟ್ಟೆ."

ಅವಳು ಕಣ್ಣೊರೆಸಿಕೊಂಡಳು. "ಅವ್ವ... ಹೆಂಗಿದ್ದಾಳ? ಈ ಸಲ ಖರೇನ ಹೇಳ್ತೀನಿ. ಬೈದ್ರ ಬೈಲಿ."

ಒರೆಸುವ ಕೈ ನಿಂತಿತು.

"ಅವ್ವ ಹೋಗಿ ನಾಕು ವರ್ಷಾತು. ನಾ ಆಫ್ರಿಕಾದ ಕಡೆ ಹಡಗಿನಾಗಿದ್ದೆ. ಮನಿ ಮುಟ್ಟೂದ್ರಾಗ ಒಂಬತ್ತು ದಿನ ಆಗಿತ್ತು."

ಗೊಲ್ಲಾಳಮ್ಮ ಅಂಗಡಿಯ ಸರಳು ಹಿಡಿದು ಅಲ್ಲೇ ಕೂತಳು. ಇನ್ನು ಯಾರ ಕಾಲು ಹಿಡಿಯಬೇಕು? ಯಾರ ಹತ್ತಿರ ಬೈಸಿಕೊಳ್ಳಬೇಕು? ಕ್ಷಮೆ ಕೇಳಬೇಕಾದವಳು ಸುಳ್ಳನ್ನೇ ನಂಬಿ, ಸಂತೋಷದಿಂದ ಹೋಗಿಬಿಟ್ಟಿದ್ದಳು. ಅದಕ್ಕೆ ಸಮಾಧಾನ ಪಡಬೇಕೋ, ಎದೆ ಬಡಿದುಕೊಳ್ಳಬೇಕೋ, ಅವಳಿಗೆ ತಿಳಿಯಲಿಲ್ಲ.

ತಿಮ್ಮಣ್ಣನೂ ಅಳುತ್ತಿದ್ದ. ಇಬ್ಬರ ನಡುವೆ ಆರಿದ ಹಂಚು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಆದರೂ ಯಾರೂ ಕೈ ಚಾಚಲಿಲ್ಲ.

ಆಗ ಸುತ್ತಲಿನ ಫೋನುಗಳು ಒಂದೊಂದಾಗಿ ಗುಣುಗುಟ್ಟತೊಡಗಿದವು. ದೂರದಲ್ಲಿ ಗೋವಾದ ದಂಡೆ ಹಸಿರು ಗೆರೆಯಾಗಿ ಕಾಣುತ್ತಿತ್ತು. ನೆಟ್‌ವರ್ಕ್ ಬಂದಿತ್ತು.

ಗೊಲ್ಲಾಳಮ್ಮ ಎದ್ದಳು. ಚೀಲದಿಂದ ಫೋನು ತೆಗೆದಳು.

"ಯಾರಿಗೆ ಹಚ್ಚಾಕತ್ತಿ?"

ಆ ಕಡೆ ಅವಳ ತಾಯಿ ದೇವಕ್ಕ ಫೋನು ಎತ್ತಿದ್ದಳು.

"ಅವ್ವಾ, ನಾನು. ಹೂಂ, ಉಂಡೆ... ಅವ್ವಾ, ಒಂದು ಮಾತು ಕೇಳು. ನಾ ಯಾಕ ಲಗ್ನ ಒಲ್ಲೆ ಅಂದೆ ಅಂತ ಹದಿಮೂರು ವರ್ಷ ಕೇಳಿದಿ. ಸುರಪುರದ ಲಾಲಮ್ಮನ ಮಗ ತಿಮ್ಮಣ್ಣನ ಸಲುವಾಗಿ. ಗೆಸ್ಟ್ ಹೌಸಿನಾಗ ಅಡಗಿ ಮಾಡ್ತಿದ್ನಲ್ಲ, ಅಂವನ. ಈಗ ನನ್ನ ಮುಂದ ನಿಂತಾನ. ನಾ ಅಂವನ್ನ ಲಗ್ನ ಆಗಬೇಕಂತೀನಿ... ಮಾವಗೂ ಹೇಳು. ಇಲ್ಲಾಂದ್ರ ನಾನೇ ಹೇಳ್ತೀನಿ."

ತಿಮ್ಮಣ್ಣನ ಕೈಯಿಂದ ಬಟ್ಟೆ ಜಾರಿಬಿತ್ತು.

ಆ ಕಡೆಯಿಂದ ಒಂದು ದೀರ್ಘ ಉಸಿರು. ಆಮೇಲೆ ಅದೂ ಇಲ್ಲ.

"ಏನಂದ್ರು?" ಅವನು ಮೆಲ್ಲಗೆ ಕೇಳಿದ.

"ಏನೂ ಅನ್ಲಿಲ್ಲ. ಫೋನ್ ಇಟ್ಟುಬಿಟ್ಳು." ಅವಳು ಫೋನನ್ನು ಚೀಲಕ್ಕೆ ಹಾಕಿದಳು. "ನಾ ಊರಿಗಿ ಹೋದ ಮ್ಯಾಲ ಅಂತಾಳ. ಅನ್ಲಿ."

"ನಾ ಇನ್ನೂ ಹೂಂ ಅಂದೇ ಇಲ್ಲಲ್ಲ, ಹುಚ್ಚಿ!"

"ಗೊತ್ತೈತಿ. ನೀ ಒಲ್ಲೆ ಅಂದ್ರೂ ನಾ ಹೇಳಿದ್ದು ಹೇಳಿದ್ದ. ಒಂದು ಸಲನರ ನಿನ್ನ ಹೆಸರ ಹೇಳಬೇಕಿತ್ತು ನಾನು."

ಅವನು ಟೋಪಿ ತೆಗೆದು ಮುಖ ಒರೆಸಿಕೊಂಡ. ಹದಿಮೂರು ವರ್ಷ ಸುಮ್ಮನೆ ಸುಟ್ಟುಹೋದ ಸಂಕಟ ಆ ಮುಖದಲ್ಲಿ ಹಾಗೇ ಇತ್ತು. ಅದು ಒಂದು ದಿನದಲ್ಲಿ ಹೋಗುವಂಥದ್ದಲ್ಲ. ಆದರೂ ಕೈ ಮುಂದೆ ಬಂತು. ಮೊದಲ ಸಲ ಅವಳ ಬೆರಳುಗಳನ್ನು ಹಿಡಿದ.

"ಮಳಿಗಾಲದಾಗ ಈ ಹಡಗ ನಿಲ್ಲತೈತಿ. ಜೂನದಾಗ ನನಗ ಎರಡು ತಿಂಗಳ ರಜಾ."

"ಯಾದಗಿರಿಗಿ ಯಾವ ಗಾಡಿಗೆ ಬರ್ತಿ?"

"ಮುಂಬೈ ಗಾಡಿಗೆ. ಯಾಕ?"

"ನಾ ಸ್ಟೇಷನ್ನಿಗೆ ಬರ್ತೀನಿ."

"ನಮ್ಮ ಕಡಿ ಮಂದಿ ಇರ್ತಾರ ಗೊಲ್ಲಾಳಿ... ನೋಡ್ತಾರ."

"ನೋಡ್ಲಿ," ಎಂದಳು ಅವಳು. "ನೀ ಇಳಿ."