ಕಡ ಕೊಟ್ಟ ಸೈಲೆನ್ಸರ್

ಮೊದಲು ಗುಂಡು ಹೋಯಿತು. ತಲೆಯ ಮೇಲೆ ಚಟ್ ಎಂದು ಗಾಳಿ ಸೀಳಿತು. ಅದರ ಹಿಂದೆ ಬರಬೇಕಾಗಿದ್ದ ಢಂ ಎಂಬ ಸದ್ದು ಬರಲೇ ಇಲ್ಲ...

ನಾನು ಕಡಲೆಕಾಯಿ ಹೊಲದ ಬದುವಿನ ಹಿಂದೆ ಬೋರಲಾಗಿ ಬಿದ್ದಿದ್ದೆ. ಬೆಳಗಿನ ಹತ್ತು ಗಂಟೆ. ಬಾಯಲ್ಲಿ ಮಣ್ಣು. ಅರವತ್ತೊಂದನೆಯ ವಯಸ್ಸಿನಲ್ಲಿ ಹೀಗೆ ಬೀಳುವುದು ಸುಲಭ, ಏಳುವುದೇ ಕಷ್ಟ.

ಸದ್ದು ಬರದ ಕಾರಣ ನನಗೆ ಗೊತ್ತಿತ್ತು. ಬಂದೂಕಿನ ಮೂತಿಗೆ ಸೈಲೆನ್ಸರ್ ಇತ್ತು. ಸೈಲೆನ್ಸರ್ ಗುಂಡನ್ನು ಮೂಕ ಮಾಡುವುದಿಲ್ಲ. ಗುಂಡು ಗಾಳಿ ಸೀಳುವ ಸದ್ದು ಕೇಳಿಯೇ ಕೇಳುತ್ತದೆ. ಹೊಡೆದವನು ಎಲ್ಲಿದ್ದಾನೆ ಎನ್ನುವುದು ಮಾತ್ರ ತಿಳಿಯುವುದಿಲ್ಲ.

"ವಾರ್ಡನ್, ಹಂದಿ ಅನ್ಕೊಂಡ್ಬಿಟ್ಟೆ," ಎಂದು ಜಾಲಿ ಪೊದೆಗಳ ಕಡೆಯಿಂದ ಕೂಗು ಬಂತು. "ಹಿಂದಿನಿಂದ ನೋಡಿದ್ರೆ ಹಂಗೇ ಕಾಣ್ತೀಯ."

ಗಾರ್ಲೆಂಡ್ ಪ್ರೌಸ್. ಹ್ಯೂಸ್ಟನ್ನಿನ ಶ್ರೀಮಂತರನ್ನು ಕರೆತಂದು ಕಾಡುಹಂದಿ ಬೇಟೆ ಆಡಿಸುವವನು.

"ನಾನು ಈಗ ವಾರ್ಡನ್ ಅಲ್ಲ, ಗಾರ್ಲೆಂಡ್. ಆ ಡಬ್ಬಿ ವಾಪಸ್ ಕೊಡು. ಹೋಗ್ತೀನಿ."

"ಯಾವ ಡಬ್ಬಿ?"

"ಈಗ ಹೊಡೆದೆಯಲ್ಲ, ಅದರ ಮೂತಿಯಲ್ಲಿರೋದು."

ಅವನು ನಕ್ಕ. "ಶನಿವಾರ ಮಧ್ಯಾಹ್ನ ಮುದುಕಿ ಬಂದು ಹೊಳೆದಂಡೆ ಜಮೀನಿನ ಬೇಟೆ ಗುತ್ತಿಗೆ ಕರಾರಿಗೆ ಸಹಿ ಹಾಕ್ಲಿ. ಇಲ್ದಿದ್ರೆ ಡಬ್ಬಿ ಹೊಳೆಗೆ. ಆಮೇಲೆ ಗಂಡನ ವಸ್ತು ಎಲ್ಲಿ ಅಂತ ಸರ್ಕಾರಕ್ಕೆ ಅವಳೇ ಹೇಳ್ಕೊಳ್ಳಿ."

ನಾನು ತೆವಳಿಕೊಂಡು ನನ್ನ ಪಿಕಪ್ ಸೇರಿದೆ. ನಾಚಿಕೆಯಾಯಿತು. ಇಪ್ಪತ್ತೆಂಟು ವರ್ಷ ಸರ್ಕಾರದ ಬೇಟೆ ವಾರ್ಡನ್ ಆಗಿ ಇದೇ ಹೊಲಗಳಲ್ಲಿ ಕಳ್ಳಬೇಟೆಯವರನ್ನು ಬೆನ್ನಟ್ಟಿದವನು ನಾನು.

ನಿಮಗೆ ಮೊದಲಿನಿಂದ ಹೇಳುತ್ತೇನೆ.

ಮುದುಕಿ ಎಂದರೆ ಆಲ್ಬೀನಾ ಹ್ರುಸ್ಕಾ. ಎಪ್ಪತ್ಮೂರು ವರ್ಷ. ಸೊಂಟದ ಮೂಳೆ ಬದಲಾಯಿಸಿಕೊಂಡವಳು. ಗಂಡ ಎಡ್ವಿನ್ ಮಾರ್ಚಿನಲ್ಲಿ ತೀರಿಕೊಂಡ. ಎಡ್ವಿನ್‌ಗೆ ಒಂದು ಸೈಲೆನ್ಸರ್ ಇತ್ತು. ಇಲ್ಲಿ ಅದನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಟೆಕ್ಸಸ್‌ನ ಈ ಮೂಲೆಯಲ್ಲಿ ಹಂದಿ ಹೊಡೆಯುವವರಲ್ಲಿ ಅರ್ಧ ಜನರ ಹತ್ತಿರ ಇದೆ. ಆದರೆ ಬೆರಳಚ್ಚು ಕೊಡಬೇಕು, ಫೋಟೋ ಕೊಡಬೇಕು, ಫೆಡರಲ್, ಎಂದರೆ ಕೇಂದ್ರ ಸರ್ಕಾರದ ಕಾಗದ ಬರುವವರೆಗೆ ಕಾಯಬೇಕು. ಎಡ್ವಿನ್ ಹನ್ನೊಂದು ತಿಂಗಳು ಕಾದ. ಬಂದ ಮೇಲೆ ಸ್ವಂತ ತಮ್ಮನ ಕೈಗೂ ಕೊಡಲಿಲ್ಲ. ಯಾಕೆಂದರೆ ಆ ಕಾಗದದಲ್ಲಿ ಯಾರ ಹೆಸರಿದೆಯೋ ಅವರ ವಶದಲ್ಲೇ ಅದು ಇರಬೇಕು. ಅವರು ಸತ್ತರೆ, ಉಯಿಲು ನಡೆಸುವವರ ವಶದಲ್ಲಿ. ಬೇರೆಯವರ ವಶಕ್ಕೆ ಹೋದರೆ ಕೊಟ್ಟವರಿಗೂ ಜೈಲು, ತೆಗೆದುಕೊಂಡವರಿಗೂ ಜೈಲು. ಹತ್ತು ವರ್ಷದವರೆಗೆ.

ಆಲ್ಬೀನಾ ಅದನ್ನು ಗಾರ್ಲೆಂಡ್‌ಗೆ ಕಡ ಕೊಟ್ಟಳು.

ನಗಬೇಡಿ. ಈ ಕೌಂಟಿಯಲ್ಲಿ, ಎಂದರೆ ನಮ್ಮ ಜಿಲ್ಲೆಯಲ್ಲಿ, ಚೆಕ್ ದೇಶದಿಂದ ಬಂದು ನೆಲೆಸಿದ ಮನೆತನಗಳಲ್ಲಿ ಎಲ್ಲವೂ ಕಡ ಹೋಗುತ್ತದೆ. ಏಣಿ, ಟ್ರೇಲರ್, ಹೋರಿ, ಮಗುವಿನ ಜ್ಞಾನಸ್ನಾನದ ಅಂಗಿ. ಯಾರೂ ಬರೆದುಕೊಳ್ಳುವುದಿಲ್ಲ. ಹಂದಿಗಳು ಅವಳ ಕಡಲೆಕಾಯಿ ಬೆಳೆಯನ್ನು ಬುಡಮೇಲು ಮಾಡುತ್ತಿದ್ದವು. ಗಾರ್ಲೆಂಡ್ ಬಂದು, "ಬರೀ ಬಂದೂಕಲ್ಲಿ ಒಂದು ಹೊಡೆಯೋಷ್ಟರಲ್ಲಿ ಮಿಕ್ಕವು ಓಡ್ತವೆ, ಡಬ್ಬಿ ಇದ್ರೆ ಮೂರು ನಾಲ್ಕು ಬೀಳಿಸ್ತೀನಿ," ಎಂದ. ಅವಳು ತಿರುಪು ಬಿಚ್ಚಿ ಕೊಟ್ಟಳು. ಗುದ್ದಲಿ ಕೊಟ್ಟ ಹಾಗೆ.

ಮುಂದಿನ ವಾರ ಉಯಿಲಿನ ವಕೀಲ ಆ ವಸ್ತುವನ್ನೂ ಅದರ ನಂಬರನ್ನೂ ನೋಡಬೇಕು ಎಂದಿದ್ದ. ಗಾರ್ಲೆಂಡ್‌ಗೆ ಅದು ಗೊತ್ತಾಯಿತು. ಈ ಊರಿನಲ್ಲಿ ಯಾವುದು ಗೊತ್ತಾಗುವುದಿಲ್ಲ ಹೇಳಿ.

ನಾನು ಗುರುವಾರ ಮಣ್ಣು ಕೊಡವಿಕೊಂಡು ಅವಳ ಅಡುಗೆಮನೆಗೆ ಹೋದೆ. ಅವಳು ಕಾಫಿ ಬಗ್ಗಿಸಿದಳು.

"ಕೊಡಲಿಲ್ಲ ಅಲ್ವಾ?"

"ಇಲ್ಲ, ಮಿಸ್ ಆಲ್ಬೀನಾ." ಮದುವೆಯಾಗಿದ್ದರೂ ಹಿರಿಯ ಹೆಂಗಸರನ್ನು ಇಲ್ಲಿ ಮಿಸ್ ಎಂದೇ ಕರೆಯುವುದು.

"ನೀನು ಕಿತ್ಕೊಂಡು ಬರಬಾರದಿತ್ತಾ ಮಾರ್ವಿನ್? ಎಷ್ಟು ಕಳ್ಳರ ಹತ್ರ ಕಿತ್ಕೊಂಡಿಲ್ಲ ನೀನು."

"ಕಿತ್ಕೊಂಡ್ರೆ ನಾನೂ ಒಳಗೆ ಹೋಗ್ತೀನಿ. ಅದನ್ನ ತಗೊಂಡು ಬರೋ ಹಕ್ಕು ಇಡೀ ಟೆಕ್ಸಸ್‌ನಲ್ಲಿ ಎಡ್ವಿನ್‌ನ ಉಯಿಲು ನಡೆಸೋ ಒಬ್ಬರಿಗೇ ಇರೋದು."

"ಯಾರಿಗೆ?"

ನಾನು ಅವಳನ್ನೇ ನೋಡಿದೆ. ಅವಳು ತನ್ನ ಸೊಂಟವನ್ನು ನೋಡಿಕೊಂಡಳು.

"ದೇವರೇ," ಎಂದಳು. "ಹೋಗಲಿ, ನೆಲ ಒದ್ದೆ ಇಲ್ಲದ ಕಡೆ ನಡೆಸು."

ನನಗೆ ಆ ಕ್ಷಣ ಸುಸ್ತಾಯಿತು. ಜೀವಮಾನವೆಲ್ಲ ಗಂಡಸರ ಜೊತೆ ದಾಳಿಗೆ ಹೋದವನು, ಕೊನೆಗೆ ಕೈಚೀಲ ಹಿಡಿದ ಅಜ್ಜಿಯನ್ನು ಮುಂದೆ ಬಿಟ್ಟುಕೊಂಡು ಹೋಗಬೇಕಾಗಿತ್ತು.

ಶನಿವಾರ ಮಧ್ಯಾಹ್ನ ಹೋದೆವು. ಗಾರ್ಲೆಂಡ್‌ನ ಕ್ಯಾಂಪು ಓಕ್ ಮರಗಳ ಕೆಳಗೆ. ಉದ್ದನೆಯ ಮೇಜು, ನಾಲ್ವರು ಹ್ಯೂಸ್ಟನ್ ಅತಿಥಿಗಳು, ಹೊಸ ಬೂಟುಗಳು, ಬಿಯರು. ಆಚೆ ಹಂದಿ ಸುಲಿಯುವ ಚಪ್ಪರ. ಅದರ ಪಕ್ಕ ಅವನ ಬೇಟೆಗಾಡಿ, ಗಾಡಿಯ ಹಲಗೆಗೆ ಒರಗಿಸಿದ ರೈಫಲ್. ಮೂತಿಯಲ್ಲಿ ಎಡ್ವಿನ್‌ನ ಡಬ್ಬಿ.

"ಬಂದ್ರಾ ಮಿಸ್ ಆಲ್ಬೀನಾ," ಎಂದ ಗಾರ್ಲೆಂಡ್. ನಾಲಿಗೆಯಲ್ಲಿ ಜೇನು. "ಇಲ್ಲಿ ಸಹಿ ಹಾಕಿದ್ರೆ ಸಾಕು. ಹಂದಿ ನೋಡಿದ್ರಾ? ಹತ್ತು ನಿಮಿಷ ಆಯ್ತು ಹೊಡೆದು. ಈಗಲೂ ಬಿಸಿ ಇದೆ."

ಹಂದಿ ಬಿಸಿ ಇದ್ದರೆ ಡಬ್ಬಿಯೂ ಬಿಸಿ. ಸಾಲಾಗಿ ನಾಲ್ಕು ಗುಂಡು ಹೊಡೆದರೆ ಅದು ಒಲೆಯ ಮೇಲಿನ ಹೆಂಚು. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಅಲ್ಲೇ ಉಳಿಯುತ್ತದೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ವಾರ್ಡನ್ ಅಂತೆ, ವಾರ್ಡನ್.

ಆಲ್ಬೀನಾ ನನ್ನ ಕಡೆ ನೋಡಲೂ ಇಲ್ಲ. "ಕರಾರು ಮಾರ್ವಿನ್ ಓದಲಿ, ನನಗೆ ಕನ್ನಡಕ ಇಲ್ಲ. ಎಲ್ಲಪ್ಪ ನಿನ್ನ ಬಚ್ಚಲು?"

"ಚಪ್ಪರದ ಹಿಂದೆ."

ಅವಳು ಕುಂಟುತ್ತಾ ಹೋದಳು. ನಾನು ಓದಲು ಕುಳಿತೆ. ಜೀವನದಲ್ಲಿ ಯಾವ ಕಾಗದವನ್ನೂ ಅಷ್ಟು ನಿಧಾನವಾಗಿ ಓದಿಲ್ಲ.

"ಬೇಲಿ ಯಾರು ಕಟ್ಟಿಸೋದು?"

"ಬರೆದಿದೆಯಲ್ಲ. ಎರಡನೇ ಸಾಲು."

"ಎರಡನೇ ಸಾಲಲ್ಲಿ ತಂತಿ ಅಂತಿದೆ. ಕಂಬ ಯಾರದ್ದು?"

"ಕಂಬ ಇಲ್ದೆ ತಂತಿ ಗಾಳೀಲಿ ನಿಲ್ಲತ್ತಾ?"

"ಅದನ್ನೇ ಕೇಳ್ತಿರೋದು."

ಅತಿಥಿಯೊಬ್ಬ ನಕ್ಕ. ಗಾರ್ಲೆಂಡ್‌ನ ಕಿವಿ ಕೆಂಪಾಯಿತು. ನಾನು ಹೊಳೆಯ ನೀರಿಗೆ ಬಂದೆ, ಪೆಕಾನ್ ಮರಗಳಿಗೆ ಬಂದೆ, ಹಸುಗಳ ದಾರಿಗೆ ಬಂದೆ. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಅಷ್ಟರಲ್ಲಿ ಅವಳು ಬಂದಳು. ಕೈಚೀಲ ಎದೆಗೆ ಅವುಚಿಕೊಂಡಿದ್ದಳು.

ಗಾರ್ಲೆಂಡ್ ಮೂಗು ಎತ್ತಿದ. "ಏನೋ ಸೀದ ವಾಸನೆ."

"ನಿನ್ನ ಸಾಸೇಜ್ ಕಣಪ್ಪ," ಎಂದಳು ಆಲ್ಬೀನಾ. "ನಿಮ್ಮಮ್ಮ ಇದ್ದಾಗ ಹೀಗೆ ಸೀಯಿಸ್ತಿರಲಿಲ್ಲ."

ಅವನು ಎದ್ದು ಒಲೆಯ ಕಡೆ ನಡೆದ. ನಾವು ಪಿಕಪ್ ಕಡೆ ನಡೆದೆವು. ಓಡಲಿಲ್ಲ. ಅವಳಿಗೆ ಓಡಲು ಬರುತ್ತಿರಲಿಲ್ಲ.

"ಕೈ ಸುಟ್ಕೊಂಡ್ರಾ?" ಎಂದೆ ಗಾಡಿ ಹೊರಡಿಸುತ್ತಾ.

ಅವಳು ಕೈಚೀಲ ತೆರೆದು ತೋರಿಸಿದಳು. ಓವನ್ನಿಗೆ ಹಾಕುವ ದಪ್ಪ ಕೈಗವಸು, ಅಂಗೈಯಲ್ಲಿ ಕಂದು ಸುಟ್ಟ ಗುರುತು. ಅದರೊಳಗೆ ಡಬ್ಬಿ. "ಮೊದಲನೇ ವರ್ಷ ಎಡ್ವಿನ್ ಎರಡು ಬೆರಳು ಸುಟ್ಕೊಂಡಿದ್ದ. ಆವತ್ತಿಂದ ಬೇಟೆಗೆ ಹೊರಟಾಗೆಲ್ಲ ಇದನ್ನ ಕೊಟ್ಟು ಕಳಿಸ್ತಿದ್ದೆ."

ಆ ಮುದುಕಿಯ ಮೇಲೆ ನನಗೆ ಹೇಳಲಾರದಷ್ಟು ಪ್ರೀತಿ ಬಂತು. ಅದೇ ಗಳಿಗೆಯಲ್ಲಿ ಕನ್ನಡಿಯಲ್ಲಿ ಧೂಳು ಕಂಡಿತು. ಗಾರ್ಲೆಂಡ್‌ನ ಗಾಡಿ.

ನಾನು ಆಕ್ಸಿಲರೇಟರ್ ಒತ್ತಿದೆ. ಸುಣ್ಣಗಲ್ಲಿನ ರಸ್ತೆ, ಗುಂಡಿಗಳು, ಎರಡೂ ಕಡೆ ಹಸುಗಳು. ಮುಂದೆ ಗೇಟು. ಆಲ್ಬೀನಾ ಇಳಿದು ತೆಗೆದಳು. ಇಲ್ಲಿ ಪಕ್ಕದ ಸೀಟಿನಲ್ಲಿ ಕೂತವರ ಕೆಲಸ ಅದು. ನಾನು ದಾಟಿಸಿ ನಿಲ್ಲಿಸಿದೆ. ಅವಳು ಹತ್ತಲಿಲ್ಲ. ತಿರುಗಿ ಗೇಟಿನ ಕಡೆಗೇ ನಡೆದಳು.

"ಮಿಸ್ ಆಲ್ಬೀನಾ, ಹತ್ತಿ."

"ಗೇಟು."

"ಬಿಡಿ ಗೇಟು. ಅವನು ಬಂದ."

"ಹಸು ರಸ್ತೆಗೆ ಹೋಗ್ತವೆ ಮಾರ್ವಿನ್."

ಸರಪಳಿ ಎಳೆದು, ಕೊಂಡಿಗೆ ಸಿಕ್ಕಿಸಿ, ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ಬಂದು ಹತ್ತಿದಳು. ನೂರೈವತ್ತು ಗಜ ಹಿಂದೆ ಗಾರ್ಲೆಂಡ್ ಗಾಡಿ ನಿಲ್ಲಿಸಿ ಬಾನೆಟ್ಟಿನ ಮೇಲೆ ರೈಫಲ್ ಊರಿದ್ದ.

ಈ ಸಲ ಸದ್ದು ಬಂತು. ಢಮಾರ್ ಎಂದು ಇಡೀ ಬಯಲು ನಡುಗಿತು. ಹಸುಗಳು ದಿಕ್ಕಾಪಾಲಾಗಿ ಓಡಿದವು. ನನ್ನ ಬೆನ್ನಿಗೆ ಯಾರೋ ಒದ್ದ ಹಾಗಾಯಿತು.

ಗುಂಡು ಹಿಂಬಾಗಿಲು ತೂರಿ, ನನ್ನ ಸೀಟಿನ ಹಿಂದಿದ್ದ ಜ್ಯಾಕಿಗೆ ಬಡಿದು ನಿಂತಿತ್ತು. ಅವನು ಗುರಿ ಇಟ್ಟಿದ್ದು ಟೈರಿಗೆ. ಆಮೇಲೆ ಅವನೇ ಅಳುತ್ತಾ ಹೇಳಿದ. ಆ ರೈಫಲ್ಲಿನ ಗುರಿ ಹೊಂದಿಸಿದ್ದು ಡಬ್ಬಿಯ ಭಾರದೊಂದಿಗೆ. ಡಬ್ಬಿ ಬಿಚ್ಚಿದರೆ ಅದೇ ಬಂದೂಕು ಬೇರೆ ಕಡೆ ಹೊಡೆಯುತ್ತದೆ, ಈ ಸಲ ಮೇಲಕ್ಕೆ ಹೊಡೆಯಿತು. ಹಂದಿ ಬೇಟೆಯವರಿಗೆ ಇದು ನಿದ್ದೆಯಲ್ಲೂ ಗೊತ್ತಿರುವ ವಿಷಯ. ಸಿಟ್ಟಿನಲ್ಲಿ ಮರೆತ. ಜ್ಯಾಕು ಇಲ್ಲದಿದ್ದರೆ ಈ ಕತೆ ನಿಮಗೆ ಬೇರೆ ಯಾರೋ ಹೇಳುತ್ತಿದ್ದರು.

"ಪೆಟ್ಟಾಯ್ತಾ?" ಎಂದಳು ಅವಳು.

"ಇಲ್ಲ. ಕೂತ್ಕೊಳ್ಳಿ ಗಟ್ಟಿಯಾಗಿ."

ಕನ್ನಡಿಯಲ್ಲಿ ನೋಡಿದೆ. ಗಾರ್ಲೆಂಡ್ ಗೇಟಿಗೆ ಬಂದ. ಇಳಿದ. ಗೇಟು ತೆಗೆದ. ಗಾಡಿ ದಾಟಿಸಿದ. ಮತ್ತೆ ಇಳಿದ... ಗೇಟು ಮುಚ್ಚಿದ. ಕೊಲ್ಲಲು ಹೊರಟವನೂ ಈ ಸೀಮೆಯಲ್ಲಿ ಗೇಟು ಮುಚ್ಚದೆ ಹೋಗುವುದಿಲ್ಲ. ಅಷ್ಟರಲ್ಲಿ ನಾವು ಡಾಂಬರು ರಸ್ತೆ ಮುಟ್ಟಿದ್ದೆವು.

ಅಲ್ಲಿ ಶೆರೀಫನ ಕಡೆಯ ಡೆಪ್ಯುಟಿ, ಬೆನ್ನಿ ಸಾಲಿನಾಸ್, ಕಾರು ಅಡ್ಡ ನಿಲ್ಲಿಸುತ್ತಿದ್ದ. ಗಾಡಿಯಲ್ಲಿದ್ದ ಅಜ್ಜಿಯ ಬೆನ್ನುಹತ್ತಿ ಒಬ್ಬ ರೈಫಲ್ ಹಿಡಿದು ಹೋದ ಎಂದು ಹ್ಯೂಸ್ಟನ್ ಅತಿಥಿಗಳು ಫೋನ್ ಮಾಡಿದ್ದರು. ಗಾರ್ಲೆಂಡ್ ಬಂದವನೇ ರೈಫಲ್ ಕೆಳಗಿಟ್ಟ.

"ಯಾಕಪ್ಪ ಹೊಡೆದೆ?" ಎಂದ ಬೆನ್ನಿ, ಅವನಿಗೆ ಕೈಕೋಳ ಹಾಕುತ್ತಾ.

ಗಾರ್ಲೆಂಡ್ ಬಾಯಿ ತೆರೆದ. ನನ್ನ ಡಬ್ಬಿ ಕದ್ದರು ಎಂದರೆ, ಡಬ್ಬಿ ತನ್ನ ಹತ್ತಿರ ಇತ್ತು ಎಂದು ಒಪ್ಪಿಕೊಂಡ ಹಾಗೆ. ಬಾಯಿ ಮುಚ್ಚಿಕೊಂಡ. ಕರಾರಿನ ಜಗಳ, ಟೈರಿಗೆ ಹೊಡೆದೆ ಅಷ್ಟೇ ಎಂದು ಅತ್ತ.

ನಾನು ಉಸಿರು ಬಿಟ್ಟೆ. ಡಬ್ಬಿ ಅವಳ ಮಡಿಲಲ್ಲಿ. ಅವಳ ಹಕ್ಕು ಅವಳ ಕೈಯಲ್ಲಿ. ಯಾರೂ ಏನೂ ಕೇಳುವಂತಿರಲಿಲ್ಲ. ಮೂರು ದಿನದ ಕೆಲಸ ಮುಗಿದಿತ್ತು.

"ಬೆನ್ನಿ," ಎಂದಳು ಆಲ್ಬೀನಾ, ಇಳಿದು ಬಂದು ಕೈಚೀಲ ತೆರೆಯುತ್ತಾ. "ಇದನ್ನ ಅವನಿಗೆ ಕೊಟ್ಟಿದ್ದು ನಾನೇ. ಆರು ವಾರ ಅವನ ಹತ್ರ ಇತ್ತು."

ನಾನು ಕಣ್ಣು ಮುಚ್ಚಿಕೊಂಡೆ.

ಬೆನ್ನಿ ಎಡ್ವಿನ್‌ನ ಜೊತೆ ಬೇಟೆಗೆ ಹೋಗುತ್ತಿದ್ದವನು. ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. "ನನಗೆ ಈ ಕಿವಿ ಸ್ವಲ್ಪ ಮಂದ, ಮಿಸ್ ಆಲ್ಬೀನಾ. ಕೇಳಿಸಲಿಲ್ಲ."

ಅವಳು ನಂಬಿಬಿಟ್ಟಳು. ಆ ಕಡೆಯ ಕಿವಿಗೆ ಬಂದು ಇನ್ನಷ್ಟು ಜೋರಾಗಿ ಹೇಳಿದಳು.

ಬೆನ್ನಿ ಪುಸ್ತಕ ಮಡಚಿದ. "ನೋಡಿ, ಅದು ಫೆಡರಲ್ ಕಾನೂನು. ನಾನು ಕೌಂಟಿಯವನು. ನನ್ನ ಫಾರಂನಲ್ಲಿ ಅದನ್ನ ಬರೆಯೋಕೆ ಜಾಗಾನೇ ಇಲ್ಲ. ಮನೆಗೆ ಹೋಗಿ."

ಮನೆಗೆ ಬಂದೆವು. ಅವಳು ಡಬ್ಬಿಯನ್ನು ಎಡ್ವಿನ್‌ನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

"ಯಾಕೆ ಹೇಳಿದ್ರಿ?" ಎಂದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಅವನೇ ಬಾಯಿ ಮುಚ್ಕೊಂಡಿದ್ದ."

"ಇವತ್ತು ಮುಚ್ಕೊಂಡಿದ್ದಾನೆ. ಬಿಡುಗಡೆ ಆದ ದಿನ ಮತ್ತೆ ನನ್ನ ಬಾಗಿಲಿಗೆ ಬರ್ತಾನೆ. ನಾನು ಮುಚ್ಚಿಟ್ಟಷ್ಟು ದಿನ ಹೊಳೆದಂಡೆ ಜಮೀನು ಅವನ ಕೈಯಲ್ಲಿದ್ದ ಹಾಗೇ." ಅವಳು ಕುರ್ಚಿಯಲ್ಲಿ ಕುಸಿದಳು. "ಎಡ್ವಿನ್ ಒಂದೇ ಒಂದು ದಿನ ತಪ್ಪು ಮಾಡಲಿಲ್ಲ ಮಾರ್ವಿನ್. ಅವನ ಹೆಸರಿಗೆ ಮಸಿ ಬಳಿದೋಳು ನಾನು. ಹೆದರಿಕೆ ಆಗ್ತಿದೆ. ಆದ್ರೂ ಹೇಳ್ಬೇಕು."

ಅವಳ ಮಾತು ಸರಿಯಾಗಿತ್ತು, ಅದೇ ನನ್ನ ಸಂಕಟ.

"ಫೆಡರಲ್ ಆಫೀಸು ಎಲ್ಲಿದೆ?"

"ಸ್ಯಾನ್ ಆಂಟೋನಿಯೊ. ಎರಡು ಗಂಟೆ ದಾರಿ."

"ಸೋಮವಾರ ವಕೀಲನ್ನೂ ಬರೋಕೆ ಹೇಳು. ಅಲ್ಲಿ ಎಷ್ಟು ಜನ ಅಧಿಕಾರಿಗಳಿರ್ತಾರೆ?"

"ಯಾಕೆ?"

"ಕೊಲಾಚಿ ಬನ್ನು ಬೇಯಿಸ್ಬೇಕಲ್ಲ. ಬರಿಗೈಲಿ ಯಾರ ಮನೆಗೂ ಹೋಗಿಲ್ಲ ನಾನು."

ಸೋಮವಾರ ಬೆಳಿಗ್ಗೆ ಹಿಂಬಾಗಿಲಿಗೆ ತೂತು ಬಿದ್ದ ಪಿಕಪ್ಪಿನಲ್ಲಿ ಹೊರಟೆವು. ಅವಳ ಮಡಿಲಲ್ಲಿ ಏಪ್ರಿಕಾಟ್ ಹಾಕಿದ ನಾಲ್ಕು ಡಜನ್ ಕೊಲಾಚಿ, ಗಾಡಿ ತುಂಬ ಬೆಣ್ಣೆಯ ಘಮ. ನನಗೊಂದು ಕೇಳಿದೆ. ಎಣಿಸಿ ಇಟ್ಟಿದ್ದೇನೆ ಎಂದಳು.

ಅವಳು ಜೈಲಿಗೆ ಹೋಗಬಾರದು ಎಂದು ಮೂರು ದಿನ ಗುಂಡಿಗೆ ಬೆನ್ನು ಕೊಟ್ಟವನು ನಾನು. ಈಗ ತಡವಾದರೆ ಅಧಿಕಾರಿಗಳಿಗೆ ಆರಿಹೋದ ಕೊಲಾಚಿ ಸಿಗುತ್ತದೆ, ಸ್ವಲ್ಪ ಬೇಗ ಓಡಿಸು ಎಂದು ಅವಳಿಂದ ಬೈಸಿಕೊಳ್ಳುತ್ತಿದ್ದೆ.